ನಾಯಿಯಿರುವ ಮನೆಗೆ ಎಂಥ ಬೆಕ್ಕು ತಕ್ಕದ್ದು?

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯವನ್ನು ದಾಟಿದ ಘಟಪ್ರಭಾ ನದಿಯು ಗೋಕಾಕದ ಬಳಿ ಜಲಪಾತವಾಗಿ ಧುಮುಕಿ, ಮೂಡಲಗಿ ಸೀಮೆಯನ್ನು ಹಾಯ್ದು ಮುಧೋಳದತ್ತ ಸಾಗುತ್ತದೆ. ಈ ನೀರನ್ನುಂಡ ನೆಲದಲ್ಲಿ ಕಬ್ಬು, ಗೋವಿನಜೋಳ, ಅರಿಸಿನಗಳ ಬೆಳೆ ಹುಲುಸಾಗಿದೆ. ಹೊಲದ ನಡುವೆ ತೋಟದ ಮನೆ. ಮನೆಯ ಕಾವಲಿಗೆ ನಾಯಿ. ಕಾಳುಕಡಿಯಿದ್ದಲ್ಲಿ ಇಲಿ ಬರುವುದು ತಪ್ಪದು. ಇಲಿ ಬಂದಲ್ಲಿ ಬೆಕ್ಕು ಬೇಕೆನಿಸುವುದೂ ಸಹಜವೇ. ಆಗ ಮನೆಯವರು ಯಾರಲ್ಲಿಯೋ ಕೇಳಿ, ಚೆಂದದ ಮರಿಯೊಂದನ್ನು ತಂದು ಅಂಗಳದಲ್ಲಿ ಬಿಡುತ್ತಾರೆ. ಎಷ್ಟೋ ಸಲ ಆ ಮರಿಯ ಬಾಳು ಆ ದಿನವೇ ಮುಗಿಯುತ್ತದೆ. ‘ನಾಯಿಗೂ ಬೆಕ್ಕಿಗೂ ಹುಟ್ಟು ವೈರ, ಏನು ಮಾಡುವುದು?’ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಈ ಮಾತು ಎಷ್ಟರ ಮಟ್ಟಿಗೆ ನಿಜ?

ವೈರವು ಹುಟ್ಟುಗುಣವೆ?

ಶಾಶ್ವತ ವಿರೋಧವುಳ್ಳ ಪ್ರಾಣಿಗಳ ಹೆಸರುಗಳು ಸಮಾಸದಲ್ಲಿ ಕೂಡಿದಾಗ ಏಕವಚನ ಬರುತ್ತದೆಂದು ಪಾಣಿನಿಯು ಒಂದು ನಿಯಮವನ್ನು ಹೇಳಿದ್ದಾನೆ. ಬೆಕ್ಕು-ಇಲಿ, ಹಾವು-ಮುಂಗುಸಿಗಳು ಅದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳು. ಈ ‘ಶಾಶ್ವತ ವಿರೋಧ’ವನ್ನು ಚೀನಾ ದೇಶದ ಮನೋವಿಜ್ಞಾನಿ ಕುವೊ ಎಂಬವರು ಪ್ರಯೋಗದಿಂದಲೇ ಪರೀಕ್ಷಿಸಿ, ೧೯೩೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಾಯಿಯು ಇಲಿಗಳನ್ನು ಕೊಲ್ಲುವುದನ್ನು ನೋಡುತ್ತ ಬೆಳೆದ ೨೧ ಬೆಕ್ಕಿನ ಮರಿಗಳಲ್ಲಿ ೧೮ ಮರಿಗಳು ತಾವೂ ಇಲಿಗಳನ್ನು ಕೊಂದವು. ಒಂಟಿಯಾಗಿ ಬೆಳೆದ ೨೦ರಲ್ಲಿ ೯ ಮಾತ್ರ ಕೊಂದವು. ಇಲಿಯ ಜೊತೆಗೆ ಒಂದೇ ಪಂಜರದಲ್ಲಿ ಬೆಳೆದ ೧೮ರಲ್ಲಿ ಕೊಂದವು ಮೂರೇ. ಅವು ಸಹ ಬೇರೆ ಬಗೆಯ ಇಲಿಗಳನ್ನು ಕೊಂದವೇ ಹೊರತು, ತಮ್ಮ ಒಡನಾಡಿಯ ಜಾತಿಯದನ್ನಲ್ಲ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಬೇಟೆಯ ಪ್ರವೃತ್ತಿ ಹುಟ್ಟಿನಿಂದಲೇ ಬಂದರೂ, ಯಾವುದು ಬೇಟೆ, ಯಾವುದು ಒಡನಾಡಿ ಎಂಬುದನ್ನು ಎಳೆತನದ ಅನುಭವವು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎರಡನೆಯದಾಗಿ, ಒಂದು ಪ್ರಾಣಿಯೊಡನೆ ಬೆಳೆದ ಸ್ನೇಹವು ಎಲ್ಲ ಪ್ರಾಣಿಗಳಿಗೂ ಹರಡುವುದೆಂದು ನಂಬಲಾಗದು. ತನ್ನ ಮನೆಯ ಬೆಕ್ಕಿನ ಮಗ್ಗುಲಲ್ಲಿ ಮಲಗುವ ನಾಯಿ ನೆರೆಮನೆಯ ಬೆಕ್ಕನ್ನು ಅಟ್ಟಿಕೊಂಡು ಹೋಗುವುದನ್ನು ನಾವು ನೋಡಿಲ್ಲವೆ?

ಇಬ್ಬರು ಬೇಟೆಗಾರರು, ಎರಡು ಭಾಷೆಗಳು

ನಾಯಿಯ ಪೂರ್ವಜವಾದ ತೋಳವು ಗುಂಪಿನಲ್ಲಿ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಪ್ರಾಣಿ. ಬೆಕ್ಕಿನ ಪೂರ್ವಜವಾದ ಆಫ್ರಿಕದ ಕಾಡುಬೆಕ್ಕು ಒಂಟಿಯಾಗಿ ಹೊಂಚುಹಾಕಿ ಹಿಡಿಯುವಂಥದು. ತನಗಿಂತ ದೊಡ್ಡ ಪ್ರಾಣಿ ಎದುರಾದರೆ ಓಡಿ, ಎತ್ತರಕ್ಕೇರಿ ಜೀವ ಉಳಿಸಿಕೊಳ್ಳುತ್ತದೆ. ಬೆಕ್ಕು ಓಡುವುದು ಭಯದಿಂದ. ಆದರೆ ಆ ಓಟವೇ ನಾಯಿಯಲ್ಲಿ ಅಟ್ಟುವ ಪ್ರವೃತ್ತಿಯನ್ನು ಕೆರಳಿಸುತ್ತದೆ.

ಇವುಗಳ ಸಂಕೇತಗಳೂ ಬೇರೆ. ನಾಯಿ ಮೈಯನ್ನು ಸಡಿಲ ಬಿಟ್ಟು ಬಾಲ ಅಲ್ಲಾಡಿಸಿದರೆ ಅದು ಸಾಮಾನ್ಯವಾಗಿ ಸ್ನೇಹ. ಬೆಕ್ಕು ಬಾಲವನ್ನು ಅತ್ತಿತ್ತ ಬಡಿದರೆ ಅದು ಸಿಟ್ಟು. ಬೆಕ್ಕಿನ ಸ್ನೇಹಚಿಹ್ನೆ ನೆಟ್ಟಗೆ ನಿಂತ ಬಾಲ. ನಾಯಿ ಅಂಗಾತ ಮಲಗಿದರೆ ಅನೇಕ ವೇಳೆ ಶರಣಾಗತಿ ಅಥವಾ ಆಟ. ಹೆದರಿದ ಬೆಕ್ಕು ಅಂಗಾತವಾದರೆ ನಾಲ್ಕು ಕಾಲಿನ ಉಗುರುಗಳಿಂದಲೂ ಹೋರಾಡಲು ಸಿದ್ಧವಾಗಿದೆಯೆಂದೇ ಅರ್ಥ. ಟೆಲ್ ಅವೀವ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಒಂದೇ ಮನೆಯಲ್ಲಿ ಬಾಳುವ ನಾಯಿ-ಬೆಕ್ಕುಗಳನ್ನು ವೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇವು ಪರಸ್ಪರರ ಸಂಕೇತಗಳನ್ನು ಅರ್ಥಮಾಡಿಕೊಳ್ಳಬಲ್ಲವು. ಬೆಕ್ಕು ಆರು ತಿಂಗಳಿಗಿಂತಲೂ ನಾಯಿ ಒಂದು ವರ್ಷಕ್ಕಿಂತಲೂ ಚಿಕ್ಕದಾಗಿರುವಾಗ ಮೊದಲ ಭೇಟಿಯಾದರೆ, ಮತ್ತು ನಾಯಿಗಿಂತ ಮುಂಚೆ ಬೆಕ್ಕು ಮನೆಗೆ ಬಂದಿದ್ದರೆ, ಸ್ನೇಹವು ಹೆಚ್ಚು ಸುಲಭ.

ನಾಯಿಯನ್ನು ನೋಡಿ ಬೆಕ್ಕನ್ನು ಆರಿಸಬೇಕು

ನಾಯಿ ಆಗಲೇ ಮನೆಯಲ್ಲಿದ್ದರೆ ಆರಿಸುವ ಕೆಲಸ ಬೆಕ್ಕಿನಿಂದಲ್ಲ, ನಾಯಿಯಿಂದ ಆರಂಭವಾಗಬೇಕು. ಮೂಡಲಗಿಯ ಪೂರ್ವಕ್ಕಿರುವ ಮುಧೋಳದ ನಾಯಿಯನ್ನೇ ತೆಗೆದುಕೊಳ್ಳಿ. ಭಾರತದ ಅಂಚೆ ಇಲಾಖೆಯು ೨೦೦೫ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರವೂ ಇದೆ. ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು, ತೀಕ್ಷ್ಣ ದೃಷ್ಟಿಯ ಈ ತಳಿಯು ಮೊಲದಂತಹ ಬೇಟೆಯನ್ನು ಕಣ್ಣಿನಿಂದ ಕಂಡು ವೇಗದಿಂದ ಹಿಡಿಯುವುದಕ್ಕೆ ಹೆಸರಾದುದು. ಎಂಟು ವಾರದ ಬೆಕ್ಕಿನ ಮರಿ ಒಂದು ಕಿಲೋಗ್ರಾಮಿಗೂ ಕಡಿಮೆ ತೂಗುತ್ತದೆ. ಅಂಥ ಮರಿ ಅಂಗಳದಲ್ಲಿ ಪುಟಪುಟನೆ ಓಡಿದರೆ, ಬೇಟೆ ಕಲಿತ ನಾಯಿಯ ಕಣ್ಣಿಗೆ ಅದು ಮೊಲವಲ್ಲದೆ ಮತ್ತೇನು? ಬೇಟೆಯಲ್ಲಿ ಪಳಗಿದ, ಪ್ರಾಣಿಗಳನ್ನು ಕೊಂದಿರುವ ನಾಯಿಯಿರುವ ಮನೆಗೆ ಬೆಕ್ಕನ್ನು ತಾರದಿರುವುದೇ ವಿವೇಕ.

ನಾಯಿಯಿನ್ನೂ ಮರಿಯಾಗಿದ್ದರೆ ಬೆಕ್ಕಿನ ಮರಿಯನ್ನು ತರಬಹುದು. ಬೆಕ್ಕಿನ ಮರಿಯು ಇತರ ಜೀವಿಗಳೊಡನೆ ಸಲುಗೆ ಬೆಳೆಸಿಕೊಳ್ಳುವ ಮುಖ್ಯ ಕಾಲವು ಎರಡನೆಯ ವಾರದಿಂದ ಏಳನೆಯ ವಾರದವರೆಗೆ. ಆದರೆ ಎಂಟು ವಾರ ತುಂಬುವ ಮುನ್ನ ಅದನ್ನು ತಾಯಿಯಿಂದ ಅಗಲಿಸಕೂಡದು. ಆದಕಾರಣ ಆ ಸಲುಗೆಯು ಅದು ಹುಟ್ಟಿದ ಮನೆಯಲ್ಲಿಯೇ ಆಗಿರಬೇಕು. ‘ನಿಮ್ಮ ಮನೆಯಲ್ಲಿ ನಾಯಿಯಿದೆಯೆ? ಮರಿಗಳು ಅದರೆದುರು ಓಡಾಡುತ್ತವೆಯೆ?’ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ. ಬಣ್ಣದ ವಿಚಾರ ಆಮೇಲಿನದು.

ನಾಯಿ ಬೆಳೆದದ್ದಾಗಿದ್ದು ಶಾಂತಸ್ವಭಾವದ್ದಾಗಿದ್ದರೆ, ಹಿಂದೆ ನಾಯಿಯೊಡನೆ ಬಾಳಿದ ಬೆಳೆದ ಬೆಕ್ಕೇ ಮೇಲು. ಅದರ ಗುಣವನ್ನು ಅದಿರುವ ಮನೆಯಲ್ಲಿಯೇ ಅರ್ಧ ತಾಸು ಕುಳಿತು ನೋಡಿರಿ. ನಾಯಿ ಹಾದುಹೋದಾಗ ಬೆಕ್ಕು ಕುಳಿತಲ್ಲಿಯೇ ಕುಳಿತು ನೋಡಿದರೆ, ಅಥವಾ ನಿಧಾನವಾಗಿ ಎದ್ದು ಕಟ್ಟೆಯೇರಿದರೆ, ಅದು ಒಳ್ಳೆಯ ಲಕ್ಷಣ. ದಿಕ್ಕೆಟ್ಟು ಓಡುವ ಬೆಕ್ಕಾಗಲಿ, ಮೇಲೆ ಬಿದ್ದು ಪರಚುವ ಬೆಕ್ಕಾಗಲಿ ನಾಯಿಯಿರುವ ಮನೆಗೆ ಸಲ್ಲದು.

ಕಬ್ಬಿನ ಗದ್ದೆಯ ಮರಿಗಳು

ಕಬ್ಬು ಕಡಿಯುವ ಕಾಲದಲ್ಲಿ ರವದಿಯ ನಡುವೆ ಮರಿಗಳು ಕಾಣಸಿಗುವುದುಂಟು. ಇವನ್ನು ಮನೆಗೆ ತರಬಾರದು. ಕಬ್ಬಿನ ಗದ್ದೆಯು ನಮ್ಮ ನಾಡಿನ ಕಾಡುಬೆಕ್ಕಿಗೂ ಆಶ್ರಯ. ಬೆಳೆದ ಕಾಡುಬೆಕ್ಕಿಗೆ ಮೈಮೇಲೆ ಎದ್ದುಕಾಣುವ ಪಟ್ಟೆಗಳಿಲ್ಲ. ಆದರೆ ಮರಿಗಳಿಗೆ ಪಟ್ಟೆಗಳಿರುವುದರಿಂದ ಅವನ್ನು ಊರ ಬೆಕ್ಕಿನ ಮರಿಗಳೆಂದು ತಪ್ಪು ತಿಳಿಯುವುದು ಸುಲಭ. ಕಾಡುಬೆಕ್ಕು ಮನೆಯಲ್ಲಿ ಪಳಗದು. ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಮರಿಗಳನ್ನು ಮುಟ್ಟದೆ, ಆ ಭಾಗದ ಕಡಿತವನ್ನು ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಿದರೆ, ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುವ ಸಂಭವವೇ ಹೆಚ್ಚು.

ಮನೆಗೆ ತಂದ ಮೇಲೆ

ಬೆಕ್ಕನ್ನು ಮೊದಲು ಒಂದು ಕೋಣೆಯಲ್ಲಿ ಬೇರೆಯಾಗಿಡಬೇಕು. ರೋಗವಿದ್ದರೆ ಹತ್ತು-ಹದಿನೈದು ದಿನಗಳಲ್ಲಿ ತೋರಿಬರುತ್ತದೆ. ಅಷ್ಟರೊಳಗೆ ನಾಯಿಗೂ ಅದರ ವಾಸನೆ ಪರಿಚಿತವಾಗುತ್ತದೆ. ಬೆಕ್ಕು ಮಲಗಿದ ಬಟ್ಟೆಯನ್ನು ನಾಯಿಯ ಬಳಿಯಲ್ಲೂ ನಾಯಿಯದನ್ನು ಬೆಕ್ಕಿನ ಬಳಿಯಲ್ಲೂ ಇರಿಸಿರಿ. ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಉಣಿಸಿರಿ. ಅನಂತರ ನಾಯಿಯನ್ನು ಹಗ್ಗದಲ್ಲಿ ಹಿಡಿದು, ದೂರದಿಂದ, ಕೆಲವೇ ನಿಮಿಷ ಪರಸ್ಪರ ತೋರಿಸಿರಿ. ನಾಯಿ ಮೈ ಬಿಗಿದು ದಿಟ್ಟಿಸುತ್ತಿದ್ದರೆ ಹಿಂದಕ್ಕೆ ಕರೆದೊಯ್ಯಿರಿ. ಬೆಕ್ಕಿನಿಂದ ಮುಖ ತಿರುಗಿಸಿದರೆ ತಿನಿಸು ಕೊಡಿರಿ. ಇದಕ್ಕೆ ವಾರಗಳೇ ಹಿಡಿಯಬಹುದು. ಅಟ್ಟಕ್ಕೋ ಮಾಡಕ್ಕೋ ಏರುವ ದಾರಿ ಬೆಕ್ಕಿಗೆ ಯಾವಾಗಲೂ ತೆರೆದಿರಬೇಕು. ಅದರ ಊಟವೂ ಅಲ್ಲಿಯೇ ಆದರೆ ಒಳಿತು. ಟಾರಿನ್ ಎಂಬ ಪದಾರ್ಥವನ್ನು ನಾಯಿಯು ಸಾಮಾನ್ಯವಾಗಿ ತನ್ನ ದೇಹದಲ್ಲಿ ತಯಾರಿಸಿಕೊಳ್ಳುತ್ತದೆ. ಬೆಕ್ಕು ಅದನ್ನು ಸಾಕಷ್ಟು ತಯಾರಿಸಲಾರದೆ ಮಾಂಸದಿಂದ ಪಡೆಯುತ್ತದೆ. ರೊಟ್ಟಿ-ಹಾಲುಗಳಷ್ಟೇ ಅದಕ್ಕೆ ಸಾಲವು.

ರೇಬೀಸ್ ರೋಗವು ನಾಯಿಯಿಂದ ಬರುವಂತೆ ಬೆಕ್ಕಿನಿಂದಲೂ ಬರಬಲ್ಲದು. ಎರಡಕ್ಕೂ ಮೂರು ತಿಂಗಳು ತುಂಬಿದಾಗ ಪಶುವೈದ್ಯರಿಂದ ಲಸಿಕೆ ಹಾಕಿಸಿ, ಅವರು ಹೇಳಿದ ಅವಧಿಗೆ ಮತ್ತೆ ಹಾಕಿಸಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ವಿದ್ಯಾರ್ಥಿಗಳು ತಮ್ಮ ಓಣಿಯಲ್ಲಿ ನಾಯಿ-ಬೆಕ್ಕುಗಳೆರಡೂ ಇರುವ ಕೆಲವು ಮನೆಗಳನ್ನು ಗುರುತಿಸಿ ವಿಚಾರಿಸಲಿ: ಯಾವುದು ಮೊದಲು ಬಂದಿತು? ಆಗ ಅವುಗಳ ವಯಸ್ಸೆಷ್ಟು? ಈಗ ಅವು ಹೇಗಿವೆ? ಉತ್ತರಗಳನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟು ಹೋಲಿಸಿದರೆ, ‘ಹುಟ್ಟು ವೈರ’ವೆಂಬ ಮಾತಿನಲ್ಲಿ ಹುಟ್ಟಿನ ಪಾಲೆಷ್ಟು, ನಮ್ಮ ಅಜಾಗರೂಕತೆಯ ಪಾಲೆಷ್ಟು ಎಂಬುದು ಅವರಿಗೇ ವಿಶದವಾದೀತು.