ಗ್ರೈಂಡರಿಗೂ ದಿನಗೂಲಿ ಕೊಡಿ



ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರು ಮುಂಚಿತವಾಗಿ ಹೇಳಿ ಕೆಡುವುದಿಲ್ಲ. ಹೆಚ್ಚಾಗಿ ಶನಿವಾರ ಸಂಜೆಯೇ ಕೆಡುತ್ತದೆ. ಬೆಳಗಾದರೆ ಭಾನುವಾರದ ಗಿರಾಕಿ. ಆಗ ನಮ್ಮಲ್ಲಿ ಅನೇಕರು ಅಂಗಡಿಗೆ ಓಡಿ ಜೇಬಿನಿಂದ ಕ್ರೆಡಿಟ್ ಕಾರ್ಡು ತೆಗೆದು ಉಜ್ಜುತ್ತಾರೆ. ಆ ಕ್ಷಣಕ್ಕೆ ಕೆಲಸ ಆಯಿತು. ಅದಕ್ಕೆ ತೆತ್ತ ಬೆಲೆ ಎಷ್ಟು ಎಂಬುದನ್ನು ಈ ಸಲ ಕಾಗದ ಪೆನ್ನು ಹಿಡಿದು ನೋಡೋಣ. ನಾನು ಓದಿದ್ದು ಹತ್ತನೇ ತರಗತಿ, ಈ ಲೆಕ್ಕಕ್ಕೆ ಅಷ್ಟು ಸಾಕು.

ಒಂದು ಲಕ್ಷ ರೂಪಾಯಿಯ ಯಂತ್ರವನ್ನು ಕಾರ್ಡಿನಲ್ಲಿ ತಂದಿರಿ ಎಂದಿಟ್ಟುಕೊಳ್ಳಿ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ, ಅದು ನಿಜ. ಆದರೆ 'ಕನಿಷ್ಠ ಮೊತ್ತ' ಮಾತ್ರ ಕಟ್ಟಿದರೆ ಬೇರೆಯೇ ಕಥೆ. ಅನೇಕ ಕಾರ್ಡುಗಳ ಬಡ್ಡಿ ಶೇ. 3.5ರ ಆಸುಪಾಸು ಇರುತ್ತದೆ. ಇದು ತಿಂಗಳಿಗೆ, ವರ್ಷಕ್ಕಲ್ಲ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ಮೊದಲ ತಿಂಗಳೇ 3,500 ರೂ. ಬಡ್ಡಿ, 630 ರೂ. ತೆರಿಗೆ, ಒಟ್ಟು 4,130 ರೂ. ಕನಿಷ್ಠ ಮೊತ್ತ ಶೇ. 5 ಎಂದು ಹಿಡಿದರೆ ನೀವು ಕಟ್ಟುವುದು 5,000 ರೂ. ಅದರಲ್ಲಿ ಅಸಲಿಗೆ ಹೋಗುವುದು ಬರೀ 870 ರೂಪಾಯಿ! ಹೀಗೇ ಹನ್ನೆರಡು ತಿಂಗಳು ಕಟ್ಟಿದರೆ ಸುಮಾರು 57 ಸಾವಿರ ಕೈಬಿಟ್ಟಿರುತ್ತದೆ, ಬಾಕಿ ಇನ್ನೂ ಸುಮಾರು 90 ಸಾವಿರ ಉಳಿದಿರುತ್ತದೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಹಳೇ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಅದೇ ಕಾರ್ಡಿನಲ್ಲಿ ಉದ್ದಿನಬೇಳೆ ತಂದರೆ ತಂದ ದಿನದಿಂದಲೇ ಬೇಳೆಗೂ ಬಡ್ಡಿ. ಕಾರ್ಡಿನಿಂದ ನಗದು ತೆಗೆದರೆ ಶುಲ್ಕ ಬೇರೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಸರಿಯಲ್ಲ ಎಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ಆ ಮಿತಿಯ ಆಸರೆಯೂ ಈಗಿಲ್ಲ.

ಇದೇ ಹೈದರಾಬಾದಿನಲ್ಲಿ ನಮ್ಮವರೊಬ್ಬರ ವಿಷಯ ಹೇಳುತ್ತೇನೆ, ಹೆಸರು ಬೇಡ. ಮೊದಲು ಗ್ರೈಂಡರು, ಆಮೇಲೆ ಫ್ರೀಜರು, ಆಮೇಲೆ ಕೆಲಸದವರ ಮುಂಗಡಕ್ಕೆ ಕಾರ್ಡಿನಿಂದಲೇ ನಗದು. ಮೊದಲ ಕಾರ್ಡಿನ ಬಾಕಿಗೆ ಎರಡನೇ ಕಾರ್ಡು. ತಿಂಗಳ ಕಂತು ಕಟ್ಟಲು ಬೇಗಂ ಬಜಾರಿನ ಬೇಳೆ ವ್ಯಾಪಾರಿಗೆ ಕೊಡಬೇಕಾದ ಹಣ ಹಿಂದೆ ಬಿತ್ತು. ವ್ಯಾಪಾರಿ ಉದ್ರಿ ನಿಲ್ಲಿಸಿದರು. ಪಕ್ಕದ ಕಿರಾಣಿ ಅಂಗಡಿಯ ಸಾಧಾರಣ ಬೇಳೆ ಬಂತು, ಇಡ್ಲಿ ಗಟ್ಟಿಯಾಯಿತು, ಬೆಳಗಿನ ಗಿರಾಕಿ ಕಡಿಮೆಯಾದರು. ಕೊನೆಗೆ ಹೋಟೆಲನ್ನು ಬೇರೆಯವರಿಗೆ ವಹಿಸಿಕೊಟ್ಟರು. ಈಗ ಮತ್ತೊಬ್ಬರ ಗಲ್ಲಾದಲ್ಲಿ ಕೂರುತ್ತಾರೆ. ಅವರು ಸೋಮಾರಿಯಲ್ಲ, ಕುಡುಕರಲ್ಲ. ಕೈರುಚಿ ನಮ್ಮೆಲ್ಲರಿಗಿಂತ ಒಂದು ಕೈ ಮೇಲೆಯೇ.

ಇದಕ್ಕೆ ಮದ್ದು ಹೊಸದೇನಲ್ಲ, ನಮ್ಮ ಉಡುಪಿಯಲ್ಲೇ ಹುಟ್ಟಿದ್ದು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸೇರಿ ಒಂದು ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಈ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರೇ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ನನ್ನ ಪ್ರಕಾರ ಪಿಗ್ಮಿಯ ಗುಟ್ಟು ಬಡ್ಡಿಯಲ್ಲಿಲ್ಲ, ಬಡ್ಡಿ ಯಾವಾಗಲೂ ಕಡಿಮೆಯೇ. ಹಣ ಬೇರೆ ಖರ್ಚಿಗೆ ದಾರಿ ಹುಡುಕುವ ಮೊದಲೇ ಗಲ್ಲಾದಿಂದ ಎದ್ದು ಹೋಗುತ್ತಿತ್ತು, ಗುಟ್ಟು ಅದು.

ಈಗ ಗಲ್ಲಾದಲ್ಲಿ ನೋಟೇ ಕಡಿಮೆ. ಗಿರಾಕಿ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾನೆ, ಹಣ ನೇರ ಖಾತೆಗೆ ಬೀಳುತ್ತದೆ. ಆದ್ದರಿಂದ ಪಿಗ್ಮಿಯವರ ಕೆಲಸವನ್ನು ನಾವೇ ಮಾಡಬೇಕು. ಯಂತ್ರಗಳಿಗಾಗಿಯೇ ಬೇರೊಂದು ಉಳಿತಾಯ ಖಾತೆ ತೆರೆಯಿರಿ, ಎಟಿಎಂ ಕಾರ್ಡು ಬೇಡ. ರಾತ್ರಿ ಲೆಕ್ಕ ಮುಗಿಸುವಾಗ ಅದಕ್ಕೆ ದಿನದ ಹಣ ದಾಟಿಸಿ. ಎಷ್ಟು? ಗ್ರೈಂಡರು, ಫ್ರಿಜ್ಜು, ಬಾಯ್ಲರು, ಒಲೆ ಎಲ್ಲ ಸೇರಿ ಹೊಸದಾಗಿ ತರಲು 6 ಲಕ್ಷ ಬೇಕು, ಸರಾಸರಿ ಐದು ವರ್ಷ ಬಾಳುತ್ತವೆ ಎಂದರೆ ದಿನಕ್ಕೆ ಸುಮಾರು 330 ರೂ. ಐದಾರು ದೋಸೆ ಮಾರಿದ ಹಣ ಎನ್ನಬಹುದು, ಆದರೆ ಅದು ಮಾರಾಟ, ಲಾಭವಲ್ಲ. ಹಾಗಾಗಿ ಕಷ್ಟವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದನ್ನು ಉಳಿತಾಯ ಎಂದುಕೊಂಡರೆ ವ್ಯಾಪಾರ ಕಡಿಮೆಯಾದ ದಿನ ತಪ್ಪುತ್ತದೆ. ಯಂತ್ರದ ಕೂಲಿ ಎಂದುಕೊಳ್ಳಿ. ವ್ಯಾಪಾರ ಕಡಿಮೆಯಾಯಿತೆಂದು ಮಾಣಿಯ ಸಂಬಳ ತಪ್ಪಿಸುತ್ತೇವೆಯೇ? ಲೆಕ್ಕಕ್ಕೆ ತೆರಿಗೆ ಸೇರಿದ ಬೆಲೆಯನ್ನೇ ಹಿಡಿಯಿರಿ. ಶೇ. 5 ಜಿಎಸ್‌ಟಿ ಕಟ್ಟುವ ನಮ್ಮಂಥ ಹೋಟೆಲುಗಳಿಗೆ ಯಂತ್ರದ ಮೇಲಿನ ತೆರಿಗೆ ವಾಪಸು ಸಿಗುವುದಿಲ್ಲ.

ಹಣ ಎಲ್ಲಿಡಬೇಕು ಎಂಬುದೂ ಮುಖ್ಯ. 2001-02ರಲ್ಲಿ ನಮ್ಮ ಊರಿನ ಕೃಷಿ, ಚಾರ್ಮಿನಾರ್, ಪ್ರುಡೆನ್ಶಿಯಲ್ ಸಹಕಾರಿ ಬ್ಯಾಂಕುಗಳು ಮುಳುಗಿದಾಗ ಠೇವಣಿದಾರರು ಪಟ್ಟ ಪಾಡು ಹಿರಿಯರಿಗೆ ನೆನಪಿದೆ. ಆಗ ಠೇವಣಿ ವಿಮೆ ಒಂದು ಲಕ್ಷಕ್ಕೆ ಮಾತ್ರ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕಲ್ಲದ ಸಹಕಾರಿ ಸೊಸೈಟಿಗಳಿಗೆ ಈ ವಿಮೆ ಇಲ್ಲ, ಬಾಗಿಲಿಗೆ ಬಂದು ಸಂಗ್ರಹಿಸಿದರೂ ಸರಿ. ಚೀಟಿ ಹಾಕುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿಕೊಳ್ಳಿ. ಮೊದಲ ತಿಂಗಳುಗಳಲ್ಲೇ ಚೀಟಿ ಎತ್ತಿದರೆ ಅದೂ ಸಾಲವೇ.

ಹಣ ಕೂಡುವ ಮೊದಲೇ ಯಂತ್ರ ಕೆಟ್ಟರೆ ಏನು ಗತಿ ಎಂದು ಕೇಳುವಿರಿ. ಎರಡು ದಿನ ಪಕ್ಕದ ಸದಸ್ಯರ ಹೋಟೆಲಿನಲ್ಲಿ ಹಿಟ್ಟು ರುಬ್ಬಿಸಿಕೊಳ್ಳಿ, ನಾಚಿಕೆ ಬೇಡ. ರಿಪೇರಿ ಆಗುವುದಾದರೆ ಮಾಡಿಸಿ. ಸಾಲವೇ ಬೇಕಾದರೆ ಬ್ಯಾಂಕಿನಲ್ಲಿ ಯಂತ್ರದ ಸಾಲ ಕೇಳಿ, ಅದರ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಅರ್ಧಕ್ಕಿಂತ ಕಡಿಮೆ. ಕಾರ್ಡು ಇಟ್ಟುಕೊಳ್ಳಲೇಬಾರದು ಎಂದಲ್ಲ. ಖಾತೆಯಲ್ಲಿ ಹಣ ಇದ್ದು, ಪೂರ್ತಿ ಬಾಕಿ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟವರು ಬಳಸಲಿ.

ಹಣ ಕೂಡಿದ ಮೇಲೆ ಮೂರು ಅಂಗಡಿ ಸುತ್ತಿ ಚೌಕಾಸಿ ಮಾಡಿ. ಒಂದೇ ಸಲ ಪೂರ್ತಿ ಕೊಡುವ ಗಿರಾಕಿಯ ಮಾತಿಗೆ ಅಂಗಡಿಯವರು ಬೆಲೆ ಕೊಡುತ್ತಾರೆ. ನೋಟಿನ ಕಟ್ಟು ಮಾತ್ರ ಒಯ್ಯಬೇಡಿ. ಯಂತ್ರಕ್ಕೆ ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಆದಾಯ ತೆರಿಗೆಯ ಸವಕಳಿ ಲೆಕ್ಕಕ್ಕೆ ಬರುವುದಿಲ್ಲ. ಚೆಕ್ಕು ಕೊಡಿ ಅಥವಾ ಖಾತೆಯಿಂದ ಕಳಿಸಿ. ಬಿಲ್ಲಿನ ಹಿಂದೆ ತಾರೀಖು ಬರೆದಿಡಿ, ಮರುದಿನದಿಂದಲೇ ಹೊಸ ಗ್ರೈಂಡರಿನ ಕೂಲಿ ಶುರು.