ನ್ಯೂಸ್‌ಗ್ರೂಪ್ ಮೂಲಕ ಕಡತ ಹಂಚಿಕೆ: ಹೊಸಬರಿಗೊಂದು ಪಾಠ



ಮನೆಯ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ‘ಫೈಲ್ ಇಳಿಸಿಕೊಂಡೆ’ ಎನ್ನುವುದನ್ನು ನಾವೆಲ್ಲರೂ ಕೇಳುತ್ತಿರುತ್ತೇವೆ. ಹಾಗೆ ಇಳಿಸಿಕೊಳ್ಳುವ ದಾರಿಗಳಲ್ಲಿ ಬಹಳ ಹಳೆಯದು ನ್ಯೂಸ್‌ಗ್ರೂಪ್. ಅದು ನಡೆಯುವ ಬಗೆ ಯಾವುದು, ಅದರಲ್ಲಿ ಎಚ್ಚರ ಬೇಕಾದುದು ಎಲ್ಲಿ ಎಂಬುದನ್ನು ಕ್ರಮವಾಗಿ ನೋಡೋಣ.

ಹುಟ್ಟು ಮತ್ತು ಸ್ವರೂಪ: 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದರು. 1980ರಲ್ಲಿ ಇದು ಯೂಸ್‌ನೆಟ್ ಎಂಬ ಹೆಸರಿನಲ್ಲಿ ಬಳಕೆಗೆ ಬಂದಿತು. ಇದಕ್ಕೆ ಒಬ್ಬ ಒಡೆಯನಿಲ್ಲ, ಕೇಂದ್ರ ಕಚೇರಿಯೂ ಇಲ್ಲ. ಒಂದು ಸರ್ವರಿಗೆ ಬಂದ ಬರಹದ ಪ್ರತಿ ನೆರೆಯ ಸರ್ವರಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತದೆ. ಸುತ್ತೋಲೆಯೊಂದು ಊರಿಂದೂರಿಗೆ ನಕಲಾಗುತ್ತ ಹೋದಂತೆ, ಪ್ರತಿ ಊರಿನಲ್ಲೂ ಒಂದು ಪ್ರತಿ ಉಳಿಯುತ್ತದೆ.

ಗುಂಪುಗಳ ಹೆಸರು ನಮ್ಮ ಪಹಣಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಬರೆಯುವಂತೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ‘ರೆಕ್.ಫುಡ್.ಡ್ರಿಂಕ್.ಕಾಫಿ’ ಎಂದರೆ ಹವ್ಯಾಸ, ಆಹಾರ, ಪಾನೀಯ, ಕಾಫಿ. ಕಡತಗಳನ್ನು ಹಾಕುವ ಗುಂಪುಗಳು ಸಾಮಾನ್ಯವಾಗಿ ‘ಆಲ್ಟ್.ಬೈನರೀಸ್’ ಎಂದು ಆರಂಭವಾಗುತ್ತವೆ.

ಕಡತ ಸಾಗುವ ಬಗೆ: ಯೂಸ್‌ನೆಟ್ ಹುಟ್ಟಿದ್ದು ಅಕ್ಷರಗಳ ಸಾಗಣೆಗೆ. ಚಿತ್ರವನ್ನೋ ತಂತ್ರಾಂಶವನ್ನೋ ಕಳಿಸಬೇಕಾದರೆ ಅದನ್ನು ಅಕ್ಷರರೂಪಕ್ಕೆ ಪರಿವರ್ತಿಸಬೇಕು. ಹಳೆಯ ವಿಧಾನದಲ್ಲಿ ಮೂರು ಪಾಲಿನ ಸರಕು ನಾಲ್ಕು ಪಾಲಾಗುತ್ತಿತ್ತು. 2001ರಲ್ಲಿ ಬಂದ ವೈಎಂಕ್ ಎಂಬ ವಿಧಾನ ಈ ಹೆಚ್ಚುವರಿ ತೂಕವನ್ನು ಶೇಕಡಾ ಒಂದೆರಡಕ್ಕೆ ಇಳಿಸಿತು.

ದೊಡ್ಡ ಕಡತವನ್ನು ಅನೇಕ ತುಂಡುಗಳಾಗಿ ಕಳಿಸುತ್ತಾರೆ. ದಾರಿಯಲ್ಲಿ ಕೆಲವು ತುಂಡು ಕಳೆದುಹೋಗಬಹುದು. ಅದಕ್ಕಾಗಿ ‘ಪಾರ್’ ಎಂಬ ದುರಸ್ತಿ ಕಡತಗಳನ್ನು ಜೊತೆಗಿಡುತ್ತಾರೆ. ಇದರ ತತ್ತ್ವ ಸರಳ. ಮೂರು ಮೂಟೆಗಳ ತೂಕ 48, 50, 52 ಕಿಲೋ, ಒಟ್ಟು 150. ಚೀಟಿಯಲ್ಲಿ 50 ಅಳಿಸಿಹೋದರೂ ಒಟ್ಟು ಗೊತ್ತಿದ್ದರೆ ಕಳೆದು ತಿಳಿಯಬಹುದಲ್ಲವೇ? ಪಾರ್ ಕಡತ ಇಂಥದೇ ಲೆಕ್ಕವನ್ನು ಇನ್ನೂ ವಿಸ್ತಾರವಾಗಿ ಮಾಡುತ್ತದೆ.

ಬಳಸುವ ಕ್ರಮ:

1. ಯೂಸ್‌ನೆಟ್ ಸೇವೆ ನೀಡುವವರಲ್ಲಿ ಚಂದಾದಾರರಾಗಬೇಕು. ಕಡತಗಳನ್ನು ಎಷ್ಟು ದಿನ ಉಳಿಸಿಕೊಳ್ಳುತ್ತಾರೆಂದು ಮೊದಲೇ ಕೇಳಿರಿ. ಗೂಗಲ್ ಗ್ರೂಪ್ಸ್‌ನಲ್ಲಿ 22 ಫೆಬ್ರವರಿ 2024ರಿಂದ ಯೂಸ್‌ನೆಟ್‌ನ ಹಳೆಯ ಬರಹಗಳನ್ನಷ್ಟೇ ಓದಬಹುದು.

2. ನ್ಯೂಸ್‌ರೀಡರ್ ಎಂಬ ತಂತ್ರಾಂಶದಲ್ಲಿ ಸರ್ವರಿನ ವಿಳಾಸ, ಬಳಕೆಯ ಹೆಸರು, ಗುಪ್ತಪದ ತುಂಬಬೇಕು. ಪೋರ್ಟ್ ಸಂಖ್ಯೆ ಕೇಳಿದಲ್ಲಿ ಗೂಢಲಿಪಿಯ ರಕ್ಷಣೆಯುಳ್ಳ 563ನ್ನು ಆರಿಸಿರಿ. 119ರಲ್ಲಿ ಸಾಮಾನ್ಯವಾಗಿ ಆ ರಕ್ಷಣೆ ಇರುವುದಿಲ್ಲ.

3. ‘ಎನ್‌ಜೆಡ್‌ಬಿ’ ಎಂಬುದು ತುಂಡುಗಳ ಪಟ್ಟಿ. ಲಾರಿಯ ಜೊತೆ ಬರುವ ರವಾನೆ ಚೀಟಿಯಂತೆ. ಅದನ್ನು ತೆರೆದರೆ, ಅದಕ್ಕೆ ಹೊಂದುವ ತಂತ್ರಾಂಶವು ತುಂಡುಗಳನ್ನು ತಂದು ಜೋಡಿಸುತ್ತದೆ.

ಎಚ್ಚರಿಕೆಗಳು: ಮೊದಲನೆಯದಾಗಿ, ಅಪರಿಚಿತರ ಕಡತವನ್ನು ಪರೀಕ್ಷಿಸದೆ ತೆರೆಯಬಾರದು. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಎಂಬ ವೈರಸ್ ನ್ಯೂಸ್‌ಗ್ರೂಪಿನಲ್ಲಿ ಇಟ್ಟಿದ್ದ ಒಂದು ವರ್ಡ್ ಕಡತದಿಂದಲೇ ಹೊರಟು ಇ-ಮೇಲ್ ಮೂಲಕ ಜಗತ್ತಿಗೆಲ್ಲ ಹಬ್ಬಿತು. ಸಂಘದ ಲೆಕ್ಕವಿರುವ ಕಂಪ್ಯೂಟರನ್ನು ಈ ಪ್ರಯೋಗಕ್ಕೆ ಬಳಸಲೇಬೇಡಿ.

ಎರಡನೆಯದಾಗಿ, ಸಿಕ್ಕಿದ್ದೆಲ್ಲ ನಮ್ಮದಲ್ಲ. ಸಿನಿಮಾ, ಹಾಡು, ಮಾರಾಟದ ತಂತ್ರಾಂಶಗಳಿಗೆ 1957ರ ಕೃತಿಸ್ವಾಮ್ಯ ಕಾಯಿದೆ ಅನ್ವಯಿಸುತ್ತದೆ. ಚಂದಾ ಕೊಟ್ಟದ್ದು ಸಾಗಣೆಗೆ, ಸರಕಿಗಲ್ಲ. ಇನ್ನೊಬ್ಬರ ತೋಟದ ಗೊನೆ ಇಳಿಸುವುದನ್ನು ನಾವು ಏನೆನ್ನುತ್ತೇವೆಯೋ ಇದನ್ನೂ ಹಾಗೆಯೇ ಎನ್ನಬೇಕು. ಕರ್ತೃಗಳೇ ಮುಕ್ತವಾಗಿ ಹಂಚಿದ್ದನ್ನು ಧಾರಾಳವಾಗಿ ಪಡೆಯಿರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಹಣಿ, ಆಧಾರ್, ಪಾಸ್‌ಬುಕ್ ಮುಂತಾದವುಗಳ ಪ್ರತಿಯನ್ನು ಎಂದೂ ಗುಂಪಿಗೆ ಹಾಕಬೇಡಿ. ರದ್ದುಪಡಿಸುವ ಸಂದೇಶ ಕಳಿಸಲು ಅವಕಾಶವಿದ್ದರೂ ಅನೇಕ ಸರ್ವರುಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟು ಕಡೆ ಪ್ರತಿಯಾಗಿದೆಯೋ ಅಷ್ಟೂ ಕಡೆಯಿಂದ ಹಿಂದಕ್ಕೆ ಪಡೆಯುವುದು ಅಸಾಧ್ಯವೆಂದೇ ತಿಳಿಯಬೇಕು.

ಇಳಿಸಿಕೊಳ್ಳುವ ಮುನ್ನ ಒಮ್ಮೆ, ಏರಿಸುವ ಮುನ್ನ ಎರಡು ಬಾರಿ ಯೋಚಿಸಿರಿ. ಈ ಪಾಠವನ್ನು ಮನೆಯ ಮಕ್ಕಳಿಗೂ ಓದಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ