ತಿಳಿನೀರೆಲ್ಲ ಶುದ್ಧ ನೀರಲ್ಲ

ಕಣ್ಣಿಗೆ ತಿಳಿಯಾಗಿ ಕಾಣುವ, ನಾಲಿಗೆಗೆ ರುಚಿಯಾಗಿ ತೋರುವ ನೀರನ್ನು ನಾವು ಒಳ್ಳೆಯ ನೀರೆಂದು ನಂಬುತ್ತೇವೆ. ಆದರೆ ರೋಗಾಣುಗಳಾಗಲಿ, ನೀರಿನಲ್ಲಿ ಕರಗಿದ ಲವಣಗಳಾಗಲಿ ಕಣ್ಣಿಗೆ ಕಾಣುವುದಿಲ್ಲ. ಈ ಎರಡು ಕೆಡುಕುಗಳ ಸ್ವಭಾವ ಬೇರೆ. ಅವುಗಳ ಪರಿಹಾರವೂ ಬೇರೆ. ಗದಗ ಜಿಲ್ಲೆಯಲ್ಲಿ ಸಂಸಾರ ಹೂಡಿರುವ ಪತಿ-ಪತ್ನಿಯರು ಈ ಭೇದವನ್ನು ಅರಿತಿರುವುದು ಅವಶ್ಯ.

ನಮ್ಮ ನೆಲದ ನೀರು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವೆಲ್ಲ ಅಲ್ಪ ಮಳೆಯ ಸೀಮೆಗಳು. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿದರೂ ನದಿಯಿಂದ ದೂರವಿರುವ ಹಳ್ಳಿಗಳು ಬಹುಕಾಲ ಕೆರೆ, ಬಾವಿ, ಕೊಳವೆ ಬಾವಿಗಳನ್ನೇ ನಂಬಿ ಬಾಳಿದವು. ಅಂತರ್ಜಲ ಇಳಿದಂತೆ ಕೊಳವೆ ಬಾವಿಗಳನ್ನು ಇನ್ನೂ ಆಳಕ್ಕೆ ಕೊರೆಯಲಾಯಿತು. ಬಂಡೆಯ ಸಂದುಗಳಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿ ಬಂಡೆಯೊಳಗಿನ ಫ್ಲೋರೈಡ್ ಎಂಬ ಅಂಶ ಕರಗಿ ಸೇರುತ್ತದೆ.

ಭಾರತೀಯ ಮಾನಕದಂತೆ 1 ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ದೊರೆಯದಿದ್ದಲ್ಲಿ 1.5 ಮಿಲಿಗ್ರಾಂ ಕಡೆಯ ಮಿತಿ. ಮುಂಡರಗಿ, ಶಿರಹಟ್ಟಿ ಭಾಗದ ಅನೇಕ ಕೊಳವೆ ಬಾವಿಗಳಲ್ಲಿ ಈ ಮಿತಿ ಮೀರಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಒಂದೇ ಊರಿನ ಎರಡು ಬಾವಿಗಳ ನೀರಿನಲ್ಲಿಯೂ ಅಂತರವಿರಬಹುದು.

ಮಗುವಿನ ಹಲ್ಲು, ಹಿರಿಯರ ಎಲುಬು

ಹಲ್ಲಿನ ಹೊರಕವಚವು ಹುಟ್ಟಿದಂದಿನಿಂದ ಸುಮಾರು 8ನೆಯ ವಯಸ್ಸಿನವರೆಗೆ ರೂಪುಗೊಳ್ಳುತ್ತದೆ. ಆ ಕಾಲದಲ್ಲಿ ಮಗುವಿಗೆ ಹೆಚ್ಚು ಫ್ಲೋರೈಡ್ ಉಳ್ಳ ನೀರು ಸಿಕ್ಕರೆ ಹಲ್ಲಿನ ಮೇಲೆ ಬಿಳಿಯ, ಹಳದಿಯ ಅಥವಾ ಕಂದು ಬಣ್ಣದ ಪಟ್ಟೆಗಳು ಮೂಡುತ್ತವೆ. ಹಲ್ಲುಜ್ಜಿದರೆ ಅವು ಹೋಗವು. ಸರಿಯಾಗಿ ಉಜ್ಜಲಿಲ್ಲವೆಂದು ಮಗುವನ್ನು ಗದರಿಸುವುದು ನ್ಯಾಯವಲ್ಲ.

ವರ್ಷಾನುಗಟ್ಟಲೆ ಇಂಥ ನೀರು ಕುಡಿದವರಿಗೆ ಕೀಲುನೋವು, ಬೆನ್ನಿನ ಬಿಗಿತ ಕಾಣಿಸಿಕೊಂಡು, ಮುಂದೆ ಬೆನ್ನು ಬಾಗಬಹುದು. ಹೀಗೆ ಕೆಟ್ಟ ಎಲುಬನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಆದ್ದರಿಂದ ಬಾರದಂತೆ ತಡೆಯುವುದೇ ಮಾರ್ಗ.

ಕುದಿಸಿದರೆ ಸಾಲದು

ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರಗಳನ್ನು ತರುವ ರೋಗಾಣುಗಳು ನೀರನ್ನು ಚೆನ್ನಾಗಿ ಕುದಿಸಿದರೆ ಸಾಯುತ್ತವೆ. ಫ್ಲೋರೈಡ್ ಹಾಗಲ್ಲ. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುತ್ತದೆ. ಫ್ಲೋರೈಡ್ ಪಾತ್ರೆಯಲ್ಲಿಯೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅದು ಹೋಗದು. ಇದಕ್ಕೆ ನೀರಿನ ಮೂಲವನ್ನೇ ಬದಲಿಸಬೇಕು: ಶುದ್ಧೀಕರಿಸಿದ ನದಿಯ ನೀರು, ಶುಚಿಯಾಗಿ ಸಂಗ್ರಹಿಸಿದ ಮಳೆನೀರು ಅಥವಾ ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು.

ಅನೇಕ ಮನೆಗಳಲ್ಲಿ ಘಟಕದ ನೀರನ್ನು ಕುಡಿಯಲು ಮಾತ್ರ ಬಳಸಿ, ಅನ್ನ, ಬೇಳೆ, ಚಹಾಗಳಿಗೆ ಕೊಳವೆ ಬಾವಿಯ ನೀರನ್ನೇ ಹಾಕುತ್ತಾರೆ. ಇದರಿಂದ ಅರ್ಧ ಪ್ರಯೋಜನವಷ್ಟೇ. ಅಡುಗೆಗೂ, ರೊಟ್ಟಿಯ ಹಿಟ್ಟು ನಾದಲೂ ಒಳ್ಳೆಯ ನೀರನ್ನೇ ಬಳಸಿರಿ. ಸ್ನಾನಕ್ಕೆ, ಬಟ್ಟೆ ಒಗೆಯಲು, ದನಗಳ ಮೈ ತೊಳೆಯಲು ಕೊಳವೆ ಬಾವಿಯ ನೀರು ಸಾಕು. ಹಾಲು, ಮೊಸರು, ರಾಗಿ, ಸೊಪ್ಪು, ನೆಲ್ಲಿಕಾಯಿ, ನಿಂಬೆಹಣ್ಣುಗಳು ಊಟದಲ್ಲಿದ್ದರೆ ಶರೀರಕ್ಕೆ ಬಲ ಬರುತ್ತದೆ.

ಮಗುವಿಗೆ ಮೊದಲ 6 ತಿಂಗಳು ತಾಯಿಯ ಹಾಲನ್ನೇ ಕೊಡಿರಿ. ಬೇರೆ ನೀರು ಬೇಡ. ತಾಯಿಯ ಹಾಲಿನಲ್ಲಿ ರೋಗಾಣುಗಳ ಭಯವಿಲ್ಲ, ಫ್ಲೋರೈಡ್ ಅತ್ಯಲ್ಪ. ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ದ್ರಾವಣ ಕುಡಿಸಿ, ಎದೆಹಾಲನ್ನು ನಿಲ್ಲಿಸದೆ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಕೊಡ ಹೊರುವವರು ಯಾರು?

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ', ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ನಳದ ಮೂಲಕ ಒದಗಿಸುವ ಗುರಿ ಹೊಂದಿದೆ. ಐವರ ಕುಟುಂಬಕ್ಕೆ ಇದು 275 ಲೀಟರ್ ಆಗುತ್ತದೆ. 15 ಲೀಟರ್ ಹಿಡಿಯುವ ಕೊಡದಲ್ಲಿ ಇದನ್ನು ಹೊತ್ತು ತರುವುದಾದರೆ 19 ಕೊಡಗಳು ಬೇಕು. ಒಂದೊಂದು ಕೊಡದ ನೀರು 15 ಕಿಲೋ ತೂಗುತ್ತದೆ. ನಳ ಬಾರದ ಊರಿನಲ್ಲಿ ಈ ಭಾರವೆಲ್ಲ ಹೆಣ್ಣಿನ ಸೊಂಟದ ಮೇಲೆಯೇ. ಗರ್ಭಿಣಿಗೂ, ಬಾಣಂತಿಗೂ ವಿಶ್ರಾಂತಿಯಿಲ್ಲ. ಬೆಳೆಯುವ ಮಗಳಿಗೆ ಶಾಲೆ ತಪ್ಪುತ್ತದೆ. ನೀರು ತರುವುದು ಗಂಡಸಿನ ಗೌರವಕ್ಕೆ ಕುಂದೆಂದು ಭಾವಿಸಬೇಡಿರಿ. ಸೈಕಲ್ಲಿನಲ್ಲೋ ಬಂಡಿಯಲ್ಲೋ ನೀರು ತರುವ ಪತಿ ತನ್ನ ಪತ್ನಿಯ, ಹುಟ್ಟಲಿರುವ ಮಗುವಿನ ಆರೋಗ್ಯವನ್ನು ಕಾಯುತ್ತಾನೆ.

ನಳದ ನೀರು ಬಿಡುವು ಕೊಟ್ಟು ಬರುವಲ್ಲಿ ಶೇಖರಣೆ ಅನಿವಾರ್ಯ. ಪಾತ್ರೆಗೆ ಮುಚ್ಚಳವಿರಲಿ, ಹಿಡಿಯುಳ್ಳ ಸೌಟಿನಿಂದ ನೀರು ತೆಗೆಯಿರಿ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ತಿಕ್ಕಿ ತೊಳೆದರೆ ಡೆಂಗೀ ಜ್ವರ ತರುವ ಸೊಳ್ಳೆ ಬೆಳೆಯದು.

ಹುಟ್ಟಿದ ಮಕ್ಕಳು ಉಳಿದು, ನೆಟ್ಟಗೆ ಬೆಳೆಯುವರೆಂಬ ಭರವಸೆ ಇದ್ದಾಗಲೇ ದಂಪತಿಗಳು ಮಿತ ಸಂಸಾರವನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಲ್ಲರು. ಆ ಭರವಸೆಗೆ ಶುದ್ಧ ನೀರು ಮೊದಲ ಆಧಾರ.

ಮನೆಯಲ್ಲಿ ಚರ್ಚಿಸಿರಿ

1. ನಾವು ಕುಡಿಯುವ ನೀರು ಯಾವ ಮೂಲದಿಂದ ಬರುತ್ತದೆ? ಅದರ ಪರೀಕ್ಷೆಯಾಗಿದೆಯೇ? ಆಗಿರದಿದ್ದರೆ ಗ್ರಾಮ ಪಂಚಾಯಿತಿಯನ್ನು ಕೇಳೋಣ.

2. ಅಡುಗೆಗೆ ಯಾವ ನೀರನ್ನು ಬಳಸುತ್ತಿದ್ದೇವೆ?

3. ಈ ವಾರ ಮನೆಗೆ ನೀರು ತಂದವರು ಯಾರು? ಬರುವ ವಾರ ಆ ಕೆಲಸವನ್ನು ಹೇಗೆ ಹಂಚಿಕೊಳ್ಳೋಣ?